ಬಾಗಿಲಲ್ಲಿ ನಿಂತವರು ನಿಜವಾಗಿ ‘ಕರೆಂಟಿನವರೇ’?

2025ರ ಆಗಸ್ಟ್ ಮುಗಿದು ಸೆಪ್ಟೆಂಬರ್ ಹಿಡಿಯುವ ಹೊತ್ತಿಗೆ ರಾಜ್ಯದ ಮನೆಗಳ ಬಾಗಿಲ ಮೇಲೆ ಒಂದು ಸ್ಟಿಕರ್ ಬಂದು ಕೂತಿತು. ಹಿಂದುಳಿದ ವರ್ಗಗಳ ಆಯೋಗ ನಡೆಸಲಿದ್ದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಗಳನ್ನು ಗುರುತು ಹಾಕಿಕೊಳ್ಳುವ ಸ್ಟಿಕರ್ ಅದು. ಅಂಟಿಸಲು ಬಂದವರು ಮಾತ್ರ ಕರೆಂಟ್ ಬಿಲ್ ಕೊಡುವ ಮೀಟರ್ ರೀಡರ್‌ಗಳು. ವಿದ್ಯುತ್ ಮೀಟರಿನ ಸಂಖ್ಯೆಯನ್ನೇ ಹಿಡಿದು ಮನೆಗಳ ಪಟ್ಟಿ ಮಾಡಲು ಸರ್ಕಾರ ತೀರ್ಮಾನಿಸಿತ್ತು. ಸೆಪ್ಟೆಂಬರ್ 22ರಿಂದ ಶಿಕ್ಷಕರು ಬಂದು 60 ಪ್ರಶ್ನೆ ಕೇಳತೊಡಗಿದರು. ಆಧಾರ್, ಪಡಿತರ ಚೀಟಿ, ಮೊಬೈಲ್ ಸಂಖ್ಯೆ ಕೇಳಿದರು. ಸೆಪ್ಟೆಂಬರ್ 25ರಂದು ಹೈಕೋರ್ಟ್, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಯಾರನ್ನೂ ಒತ್ತಾಯಿಸಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು.

ಸಮೀಕ್ಷೆಯ ಸರಿತಪ್ಪಿನ ಚರ್ಚೆ ಬೇರೆ. ಮನೆಯೊಡತಿಯ ಜಾಗದಲ್ಲಿ ನಿಂತು ನೋಡಿದರೆ ಬೇರೊಂದು ತೊಡಕು ಕಾಣುತ್ತದೆ. ಮೀಟರ್ ಓದುವವರು ಮೀಟರಿಗೆ ಸಂಬಂಧವಿಲ್ಲದ ಕೆಲಸಕ್ಕೂ ಬರಬಹುದು, ಬಂದವರಿಗೆ ಆಧಾರ್ ತೋರಿಸಬೇಕಾಗಬಹುದು ಎಂಬುದನ್ನು ಆಕೆ ಸರ್ಕಾರದಿಂದಲೇ ಕಲಿತಳು. ಅದೇ ಹೊತ್ತಿನಲ್ಲಿ ಪೊಲೀಸರು ಮತ್ತು ಬ್ಯಾಂಕುಗಳು ಆಕೆಯ ಮೊಬೈಲಿಗೆ ಕಳಿಸುತ್ತಿದ್ದ ಸಂದೇಶ: ಅಪರಿಚಿತರಿಗೆ ದಾಖಲೆ ಕೊಡಬೇಡಿ, ಒಟಿಪಿ ಹೇಳಬೇಡಿ. ಈ ಎರಡು ಪಾಠಗಳ ನಡುವಿನ ಗೊಂದಲದಲ್ಲೇ ನಕಲಿ ಅಧಿಕಾರಿ ಜಾಗ ಮಾಡಿಕೊಳ್ಳುತ್ತಾನೆ. ಮೋಸ ಹೋದವರನ್ನು ದಡ್ಡರೆಂದು ಬದಿಗೆ ಸರಿಸಿದರೆ ಈ ಸಮಸ್ಯೆ ಅರ್ಥವಾಗುವುದೇ ಇಲ್ಲ.

ಕೆಇಬಿ ಹೋಯಿತು, ಹೆಸರು ಉಳಿಯಿತು

‘ಕೆಇಬಿಯಿಂದ ಬಂದಿದ್ದೀವಿ’ ಎಂದರೆ ಇಂದಿಗೂ ಎಷ್ಟೋ ಮನೆಗಳ ಬಾಗಿಲು ತೆರೆಯುತ್ತದೆ. ಆದರೆ ಕೆಇಬಿ ಎಂಬ ವಿದ್ಯುತ್ ಮಂಡಳಿ ಈಗಿಲ್ಲ. 1999ರ ವಿದ್ಯುತ್ ಸುಧಾರಣಾ ಕಾಯ್ದೆಯ ನಂತರ ಪ್ರಸರಣದ ಕೆಲಸ ರಾಜ್ಯದ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ಗೆ ಹೋಯಿತು. 2002ರ ಹೊತ್ತಿಗೆ ಮನೆಗಳಿಗೆ ವಿದ್ಯುತ್ ಹಂಚುವ ಕೆಲಸ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಿಗೆ ಬಂತು. ಮೈಸೂರು ಭಾಗಕ್ಕೆ ಬಳಿಕ ಪ್ರತ್ಯೇಕ ಕಂಪನಿಯಾಯಿತು. ಹೆಸರು ಬದಲಾದದ್ದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಜನರಲ್ಲಿ. ಒಂದು ಕಾಲಕ್ಕೆ ಊರಿನ ಲೈನ್‌ಮನ್ ಯಾರ ಮಗ, ಯಾವ ಬೀದಿಯವನು ಎಂಬುದು ಎಲ್ಲರಿಗೂ ಗೊತ್ತಿತ್ತು. ಈಗ ಮೀಟರ್ ಓದುವ ಕೆಲಸದ ಬಹುಪಾಲು ಹೊರಗುತ್ತಿಗೆಯಲ್ಲಿದೆ, ಹಳ್ಳಿಗಳಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಗಳಿದ್ದಾರೆ. ನಗರದ ಬಡಾವಣೆಯಲ್ಲಂತೂ ಗುತ್ತಿಗೆ ಬದಲಾದಂತೆ ಮುಖವೂ ಬದಲಾಗುತ್ತದೆ. ಕೊರಳಲ್ಲೊಂದು ಕಾರ್ಡು, ಕೈಯಲ್ಲೊಂದು ಬಿಲ್ಲಿಂಗ್ ಯಂತ್ರ ಇದ್ದರೆ ಇಲಾಖೆಯವರೆಂದು ನಂಬುವುದೇ ರೂಢಿಯಾಗಿದೆ.

ಅಡುಗೆ ಅನಿಲದ ಕಥೆಯೂ ಹೀಗೆಯೇ. ಸಿಲಿಂಡರ್ ಕೊಡುವ ಕಂಪನಿ ಬೇರೆ, ವಿತರಕ ಬೇರೆ, ಅವನ ಕೈಕೆಳಗೆ ಒಲೆ ತಪಾಸಣೆ ಮಾಡುವ ಮೆಕ್ಯಾನಿಕ್ ಬೇರೆ. ಬೆಂಗಳೂರು, ಮಂಗಳೂರಿನಲ್ಲಿ ಕೊಳವೆ ಅನಿಲದ ಸಂಪರ್ಕ ಕೊಡುವ ಗೇಲ್ ಗ್ಯಾಸ್ ಇನ್ನೊಂದು. ಇವರೆಲ್ಲರ ಕೆಲಸಗಾರರೂ ಮನೆಯ ಅಡುಗೆಕೋಣೆಯವರೆಗೆ ಬರಬೇಕಾದವರು. ಬಾಗಿಲಲ್ಲಿ ನಿಂತ ವ್ಯಕ್ತಿ ಈ ಸರಪಳಿಯ ಯಾವ ಕೊಂಡಿ ಎಂದು ಪತ್ತೆ ಹಚ್ಚುವ ದಾರಿಯನ್ನು ಮನೆಯವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಸುದ್ದಿಯೇ ನಕಲಿಯ ಬಂಡವಾಳ

ನಕಲಿ ಅಧಿಕಾರಿ ಕಥೆ ಕಟ್ಟುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ಪತ್ರಿಕೆಯಲ್ಲಿ ಬಂದ ನಿಜ ಸುದ್ದಿಯ ಅರ್ಧ ಭಾಗ ಸಾಕು.

2023ರ ಜುಲೈನಿಂದ ಜಾರಿಗೆ ಬಂದ ಗೃಹಜ್ಯೋತಿಯನ್ನು ನೋಡಿ. ತಿಂಗಳಿಗೆ ಗರಿಷ್ಠ 200 ಯೂನಿಟ್, ಅದರೊಳಗೆ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಉಚಿತ ಎಂಬುದು ಶುರುವಿನ ಲೆಕ್ಕ; ಸರಾಸರಿ 48 ಯೂನಿಟ್ ಒಳಗಿನವರಿಗೆ 2024ರಲ್ಲಿ ಶೇ 10ರ ಬದಲು 10 ಯೂನಿಟ್ ಎಂದಾಯಿತು. ಈ ಲೆಕ್ಕ ಪೂರ್ತಿ ಗೊತ್ತಿಲ್ಲದವರ ಬಳಿ ‘ನಿಮ್ಮ ಉಚಿತ ಕರೆಂಟ್ ರದ್ದಾಗಿದೆ, ಮತ್ತೆ ನೋಂದಾಯಿಸಬೇಕು, ಆಧಾರ್ ಕೊಡಿ’ ಎಂದರೆ ಯಾರಿಗೂ ಎದೆ ಝಲ್ಲೆನ್ನುತ್ತದೆ. ಸ್ಮಾರ್ಟ್ ಮೀಟರ್ ವಿಷಯವೂ ಇದೇ. ಬೆಸ್ಕಾಂ 2025ರ ಫೆಬ್ರವರಿ 15ರಿಂದ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದ್ದು ಹೊಸ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ. ದರದ ಬಗ್ಗೆ ಎದ್ದ ರಾಜಕೀಯ ಗದ್ದಲದಲ್ಲಿ ‘ಹೊಸ ಸಂಪರ್ಕ’ ಎಂಬ ಮಾತು ಎಲ್ಲೋ ಕಳೆದುಹೋಗಿ, ‘ಸ್ಮಾರ್ಟ್ ಮೀಟರ್ ಕಡ್ಡಾಯ, ದುಡ್ಡು ಜಾಸ್ತಿ’ ಎಂಬಷ್ಟೇ ಜನರ ಕಿವಿಗೆ ಬಿತ್ತು. ಹಳೆಯ ಮೀಟರ್ ಇರುವ ಮನೆಯ ಮುಂದೆ ಒಬ್ಬ ಬಂದು ‘ಮುಂಗಡ ಕಟ್ಟಿದರೆ ರಿಯಾಯಿತಿ’ ಎನ್ನಲು ಅಷ್ಟು ಸಾಕು.

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಚಾವಣಿಗೆ ಸೌರಫಲಕ ಹಾಕಿಸಿಕೊಂಡವರಿಗೆ ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಇದಕ್ಕಾಗಿ ಅಂಚೆ ಸಿಬ್ಬಂದಿ ಮನೆಮನೆಗೆ ಹೋಗಿ ಹೆಸರು ಬರೆದುಕೊಂಡದ್ದೂ ಉಂಟು. ಹಾಗಾಗಿ ‘ಸೋಲಾರ್ ಸರ್ವೆ’ ಎಂದು ಬಂದವರನ್ನೆಲ್ಲ ಸುಳ್ಳುಗಾರರೆನ್ನಲಾಗದು. ಗಮನಿಸಬೇಕಾದ್ದು ಇಷ್ಟು: ಸಹಾಯಧನ ಬರುವುದು ಫಲಕ ಕೂಡಿಸಿ, ಪರಿಶೀಲನೆ ಮುಗಿದ ಮೇಲೆ, ನೇರವಾಗಿ ಗ್ರಾಹಕರ ಬ್ಯಾಂಕ್ ಖಾತೆಗೆ. ಅದನ್ನು ‘ಬಿಡುಗಡೆ ಮಾಡಿಸಲು’ ಮೊದಲೇ ಬಾಗಿಲಲ್ಲಿ ಹಣ ಕೊಡುವ ಹಂತವೇ ಈ ಯೋಜನೆಯಲ್ಲಿಲ್ಲ.

ಬಾಗಿಲೊಳಗೆ ನಡೆಯುವುದು ಏನು?

ಈ ಮೋಸಗಳ ವೇಷ ಹಲವಾದರೂ ಗುರಿ ಮೂರೇ: ನಗದು, ಒಡವೆ, ದಾಖಲೆ.

ಅತಿ ಸಾಮಾನ್ಯವಾದದ್ದು ಗ್ಯಾಸ್ ತಪಾಸಣೆಯ ಹೆಸರಿನದು. ‘ಏಜೆನ್ಸಿಯಿಂದ ಬಂದಿದ್ದೀವಿ, ಪೈಪಿನ ಅವಧಿ ಮುಗಿದಿದೆ, ಬದಲಾಯಿಸದಿದ್ದರೆ ಸಿಲಿಂಡರ್ ಬುಕ್ ಆಗೋದಿಲ್ಲ’ ಎನ್ನುತ್ತಾರೆ. ಅಡುಗೆಮನೆಗೆ ಹೋಗಿ ಒಲೆ ಬಿಚ್ಚಿ, ರೆಗ್ಯುಲೇಟರ್ ಅಲುಗಾಡಿಸಿ, ಸೋರಿಕೆ ಇದೆ ಎಂದು ಹೆದರಿಸಿ, ಯಾವುದೋ ಅಗ್ಗದ ಪೈಪನ್ನು ದುಬಾರಿ ಬೆಲೆಗೆ ಕೂಡಿಸಿ ಹೋಗುತ್ತಾರೆ. ಹೋದ ದುಡ್ಡಿಗಿಂತ ಉಳಿದ ಪೈಪೇ ಹೆಚ್ಚು ಅಪಾಯಕಾರಿ. ತೈಲ ಕಂಪನಿಗಳ ‘ಸುರಕ್ಷಾ’ ಪೈಪಿನ ಮೇಲೆ ಐಎಸ್‌ಐ ಗುರುತು ಇರುತ್ತದೆ, ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂಬುದು ನಿಯಮ. ಗುರುತಿಲ್ಲದ ರಬ್ಬರು ಬಿರುಕು ಬಿಡುವುದು ಎಂದೋ, ಯಾರಿಗೂ ತಿಳಿಯದು.

ಇನ್ನೊಂದು, ಇಬ್ಬರು ಬರುವ ಬಗೆ. ಒಬ್ಬ ಮೀಟರಿನ ಬಳಿ ನಿಂತು ‘ಅಮ್ಮಾ, ಒಳಗೆ ಹೋಗಿ ಗೀಸರ್ ಸ್ವಿಚ್ ಹಾಕಿ, ಈಗ ಆರಿಸಿ’ ಎಂದು ಹೇಳುತ್ತಿರುತ್ತಾನೆ. ಮನೆಯಲ್ಲಿರುವ ವಯಸ್ಸಾದವರು ಅತ್ತ ಓಡಾಡುವಾಗ ಇನ್ನೊಬ್ಬ ಇತ್ತ ಕೋಣೆ ಹೊಕ್ಕಿರುತ್ತಾನೆ. ಇಲ್ಲಿ ವಿದ್ಯುತ್ತು ಬರೀ ನೆಪ.

ಮೂರನೆಯದು ಆರೋಪದ ಬಗೆ. ‘ನಿಮ್ಮ ಮೀಟರ್ ನಿಧಾನ ಓಡ್ತಿದೆ, ಕೇಸಾದರೆ ಲಕ್ಷ ಕಟ್ಟಬೇಕು, ಇಲ್ಲೇ ಮುಗಿಸಿಕೊಳ್ಳಿ’ ಎನ್ನುತ್ತಾರೆ. ಇದು ಹೆಚ್ಚು ಫಲಿಸುವುದು ಸಣ್ಣ ಅಂಗಡಿ, ಹೋಟೆಲು, ಬಾಡಿಗೆ ಮನೆಗಳಲ್ಲಿ. ಮೀಟರಿಗೆ ಹಿಂದೆ ಯಾರು ಏನು ಮಾಡಿದ್ದರೋ ಎಂಬ ಅಳುಕು ಬಾಡಿಗೆದಾರನಿಗೆ ಇದ್ದೇ ಇರುತ್ತದೆ. ದೂರು ಕೊಡಲು ಹೋದರೆ ತನ್ನ ಮೇಲೇ ತಿರುಗೀತು ಎಂದು ಕಳೆದುಕೊಂಡವನು ಸುಮ್ಮನಾಗುತ್ತಾನೆ. ಇಂಥ ಎಷ್ಟೋ ಪ್ರಕರಣಗಳು ಠಾಣೆಯ ಮೆಟ್ಟಿಲು ಹತ್ತದೇ ಹೋಗುವುದಕ್ಕೆ ಈ ಅಳುಕೇ ಕಾರಣ.

‘ಈಗಲೇ ಕೀಳ್ತೀವಿ’ ಎಂಬ ಬೆದರಿಕೆ

ಎಲ್ಲ ವೇಷಗಳ ಕೆಳಗೆ ಇರುವುದು ಒಂದೇ ಭಯ: ಕರೆಂಟ್ ಹೋಗುತ್ತದೆ, ಗ್ಯಾಸ್ ನಿಲ್ಲುತ್ತದೆ. 2022ರಲ್ಲಿ ದೇಶದುದ್ದಕ್ಕೂ ಹರಿದಾಡಿದ ‘ಇಂದು ರಾತ್ರಿ 9.30ಕ್ಕೆ ನಿಮ್ಮ ವಿದ್ಯುತ್ ಕಡಿತವಾಗುತ್ತದೆ’ ಎಂಬ ಮೊಬೈಲ್ ಸಂದೇಶ ಇದೇ ಭಯದ ಮೇಲೆ ನಿಂತಿತ್ತು. ಬಾಗಿಲಿಗೆ ಬಂದವನು ಹೇಳುವುದೂ ಅದನ್ನೇ. ಹಾಗಾಗಿ ಕಾನೂನು ಏನು ಹೇಳುತ್ತದೆ ಎಂದು ನಿಧಾನವಾಗಿ ನೋಡುವುದು ಇಲ್ಲಿ ಅಗತ್ಯ.

ವಿದ್ಯುತ್ ಕಾಯ್ದೆ 2003ರ 56ನೇ ಕಲಂ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿಯಲು ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಬೇಕು. ತಿಂಗಳ ಬಿಲ್ಲಿನಲ್ಲೇ ಬಾಕಿ ಮತ್ತು ಕಟ್ಟಬೇಕಾದ ಕೊನೆಯ ದಿನ ಇರುತ್ತದೆ. ಅಂದರೆ ನಿಜವಾದ ಬಾಕಿ ಮನೆಯವರಿಗೆ ಮೊದಲೇ ತಿಳಿದಿರುತ್ತದೆ. 163ನೇ ಕಲಂ ಕಂಪನಿಯ ಅಧಿಕೃತ ವ್ಯಕ್ತಿಗೆ, ಸೂಕ್ತ ಸಮಯದಲ್ಲಿ, ಮನೆಯವರಿಗೆ ತಿಳಿಸಿ ಒಳಬಂದು ಮೀಟರ್ ಮತ್ತು ತಂತಿ ನೋಡುವ ಅಧಿಕಾರ ಕೊಡುತ್ತದೆ. ಮನೆಯವರು ಬಿಡದಿದ್ದರೆ? ಆಗಲೂ ಅವನು ಅಲ್ಲೇ ಫ್ಯೂಸ್ ಕೀಳುವಂತಿಲ್ಲ. ಕಂಪನಿ ಲಿಖಿತ ನೋಟಿಸ್ ಕೊಡಬೇಕು, ಕೊಟ್ಟ ಮೇಲೆ 24 ಗಂಟೆ ಕಳೆಯಬೇಕು. ಆ ನಂತರವಷ್ಟೇ ಕಡಿತ.

ಈ 24 ಗಂಟೆಯ ಮಾತು ಪ್ರತಿ ಬಿಲ್ಲಿನ ಹಿಂಬದಿಯಲ್ಲೂ ದಪ್ಪ ಅಕ್ಷರದಲ್ಲಿ ಅಚ್ಚಾಗಬೇಕು. ನಕಲಿಯವನ ಇಡೀ ವ್ಯವಹಾರ ನಿಂತಿರುವುದು ಅವಸರದ ಮೇಲೆ. ಕಾನೂನು ಮನೆಯವರಿಗೆ ಒಂದು ದಿನದ ಬಿಡುವು ಕೊಟ್ಟಿದೆ ಎಂದು ಗೊತ್ತಾದ ಕ್ಷಣ ‘ಈಗಲೇ’ ಎಂಬ ಮಾತಿನ ಬಲ ಇಳಿಯುತ್ತದೆ. ‘ನಾಳೆ ಬನ್ನಿ, ಆಫೀಸಿಗೆ ವಿಚಾರಿಸಿರುತ್ತೇನೆ’ ಎಂದರೆ ನಿಜವಾದ ಸಿಬ್ಬಂದಿಗೆ ಒಂದು ಸುತ್ತು ಹೆಚ್ಚು ಬೀಳುತ್ತದೆ, ಅಷ್ಟೇ. ನಕಲಿಯವನು ತಿರುಗಿ ಬರುವುದಿಲ್ಲ.

ಕಳ್ಳತನದ ಆರೋಪವಾದರೆ ಬೇರೆ ಲೆಕ್ಕ

‘ಯಾರನ್ನೂ ಒಳಗೆ ಬಿಡಬೇಕಿಲ್ಲ’ ಎಂದು ಸಾರಾಸಗಟಾಗಿ ಹೇಳುವ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಅದು ತಪ್ಪು. ವಿದ್ಯುತ್ ಕಳ್ಳತನದ ಬಲವಾದ ಅನುಮಾನವಿದ್ದಾಗ 135ನೇ ಕಲಂ ಪ್ರಕಾರ ಅಧಿಕೃತ ಅಧಿಕಾರಿಗೆ ಒಳನುಗ್ಗಿ ಶೋಧಿಸುವ ಅಧಿಕಾರವಿದೆ. ಕಳ್ಳತನ ಪತ್ತೆಯಾದರೆ ತಕ್ಷಣ ಸಂಪರ್ಕ ಕಡಿಯಲೂಬಹುದು. ಕರ್ನಾಟಕದ ವಿದ್ಯುತ್ ಕಂಪನಿಗಳಿಗೆ ಇದಕ್ಕೆಂದೇ ಜಾಗೃತ ದಳಗಳಿವೆ.

ಆದರೆ ಇದೇ ಕಲಂ ಆ ಅಧಿಕಾರದ ಹಿಂದೆಯೇ ಕಾಗದದ ಜಾಡನ್ನೂ ಕಟ್ಟಿದೆ. ಶೋಧದ ವೇಳೆ ಮನೆಯವರು ಹಾಜರಿರಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಮಾಡಿ ಅವರಿಗೆ ಕೊಡಬೇಕು. ಸಂಪರ್ಕ ಕಡಿದರೆ 24 ಗಂಟೆಯೊಳಗೆ ಪೊಲೀಸರಿಗೆ ಲಿಖಿತ ದೂರು ಹೋಗಬೇಕು. ವಾಸದ ಮನೆಯಲ್ಲಿ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಲ್ಲಿ ವಾಸವಿರುವ ವಯಸ್ಕ ಪುರುಷರೊಬ್ಬರ ಹಾಜರಿ ಇಲ್ಲದೆ ಶೋಧ ನಡೆಸುವಂತಿಲ್ಲ. ಸಂಜೆಯ ಮೇಲೆ ಒಬ್ಬಂಟಿ ಹೆಣ್ಣುಮಗಳ ಮನೆಗೆ ‘ವಿಜಿಲೆನ್ಸ್’ ಎಂದು ಬರುವವರನ್ನು ತಡೆಯಲು ಈ ಒಂದು ಸಾಲು ಸಾಕು.

ಕಳ್ಳತನವಲ್ಲದ ಅನಧಿಕೃತ ಬಳಕೆಗೆ 126ನೇ ಕಲಂ ಇದೆ. ಅಲ್ಲಿಯೂ ಮೊದಲು ತಾತ್ಕಾಲಿಕ ಆದೇಶ, ಆಕ್ಷೇಪಣೆಗೆ ಅವಕಾಶ, ಆಮೇಲೆ ಅಂತಿಮ ಆದೇಶ. ಕಳ್ಳತನದ ಪ್ರಕರಣವನ್ನು ರಾಜಿ ಮಾಡಿಕೊಳ್ಳಲು 152ನೇ ಕಲಂ ಅವಕಾಶ ಕೊಡುವುದು ನಿಜ, ಆದರೆ ಅದೂ ಅಧಿಕಾರ ಪಡೆದ ಅಧಿಕಾರಿಯ ಮುಂದೆ, ನಿಗದಿತ ದರದಲ್ಲಿ. ಮಹಜರು, ನೋಟಿಸ್, ರಶೀದಿ ಯಾವುದೂ ಇಲ್ಲದೆ ಜಗುಲಿಯ ಮೇಲೆ ಮುಗಿಯುವ ‘ಸೆಟಲ್‌ಮೆಂಟ್’ ಈ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಬಂದವನು ನಿಜವಾದ ನೌಕರನೇ ಆಗಿದ್ದರೂ ಹಾಗೆ ಕೇಳಿದರೆ ಅದು ಲಂಚ. ಆಗ ಹೋಗಬೇಕಾದ್ದು ಲೋಕಾಯುಕ್ತಕ್ಕೆ.

ಒಟಿಪಿ ಕೊಡಬೇಕೋ, ಬೇಡವೋ?

ಜನ ಅತಿ ಹೆಚ್ಚು ಗಲಿಬಿಲಿಗೊಳ್ಳುವ ಜಾಗ ಇದು. ಸಿಲಿಂಡರ್ ತಂದವರು ಮೊಬೈಲಿಗೆ ಬಂದ ಕೋಡ್ ಕೇಳುತ್ತಾರೆ. ಅದು ಮೋಸವಲ್ಲ, ಸಿಲಿಂಡರ್ ಸರಿಯಾದ ಮನೆಗೆ ತಲುಪಿತೆಂದು ಖಾತ್ರಿ ಮಾಡಿಕೊಳ್ಳಲು ತೈಲ ಕಂಪನಿಗಳೇ ತಂದ ಪದ್ಧತಿ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಒಂದೇ ಸಾಲಿನ ಪ್ರಚಾರ ಇಲ್ಲಿ ಸೋಲುತ್ತದೆ. ಏಕೆಂದರೆ ತಿಂಗಳಿಗೊಮ್ಮೆ ಬಾಗಿಲಲ್ಲಿ ಕೋಡ್ ಹೇಳಿ ಹೇಳಿ ಅಭ್ಯಾಸವಾದ ನಾಲಿಗೆ, ಇನ್ನೊಬ್ಬ ಬಂದು ಕೇಳಿದಾಗಲೂ ಹೇಳಿಬಿಡುತ್ತದೆ.

ಒಂದು ಪ್ರಶ್ನೆ ಹಾಕಿಕೊಂಡರೆ ಗೊಂದಲ ಕಡಿಮೆಯಾಗುತ್ತದೆ: ಈ ಕೆಲಸವನ್ನು ಶುರು ಮಾಡಿದ್ದು ಯಾರು? ಸಿಲಿಂಡರ್ ಬುಕ್ ಮಾಡಿದ್ದು ನೀವು, ಕೋಡ್ ಬಂದದ್ದು ಆ ಬುಕಿಂಗಿಗೆ, ಸಿಲಿಂಡರ್ ಕಣ್ಣೆದುರಿಗಿದೆ. ಹಾಗಿದ್ದರೆ ಕೊಡಬಹುದು. ನೀವು ಏನನ್ನೂ ಕೇಳದೆ, ಬಂದವನು ತನ್ನ ಮೊಬೈಲ್ ಒತ್ತಿದ ಮೇಲೆ ನಿಮ್ಮ ಮೊಬೈಲಿಗೆ ಕೋಡ್ ಬಂದರೆ ಕೊಡಬಾರದು. ಕೋಡ್ ಹೇಳುವ ಮುನ್ನ ಸಂದೇಶವನ್ನು ಪೂರ್ತಿ ಓದುವ, ಓದಲಾಗದಿದ್ದರೆ ಪಕ್ಕದ ಮನೆಯವರಿಂದ ಓದಿಸುವ ಅಭ್ಯಾಸ ಬೇಕು.

ಹೆಬ್ಬೆಟ್ಟಿನ ವಿಷಯ ಇನ್ನೂ ಗಂಭೀರ. ಅಡುಗೆ ಅನಿಲ ಸಂಪರ್ಕಕ್ಕೆ ಆಧಾರ್ ಇ–ಕೆವೈಸಿ (ಗ್ರಾಹಕರ ಗುರುತಿನ ದೃಢೀಕರಣ) ಮಾಡಿಸುವಂತೆ ಕಂಪನಿಗಳು ಕೇಳತೊಡಗಿದಾಗ ಏಜೆನ್ಸಿಗಳ ಮುಂದೆ ಸಾಲು ಬೆಳೆಯಿತು. 2024ರ ಜುಲೈನಲ್ಲಿ ಪೆಟ್ರೋಲಿಯಂ ಸಚಿವ ಹರ್‌ದೀಪ್ ಸಿಂಗ್ ಪುರಿ, ಇದಕ್ಕೆ ಯಾವುದೇ ಗಡುವಿಲ್ಲ, ಸಿಲಿಂಡರ್ ತರುವ ಸಿಬ್ಬಂದಿಯೂ ಮನೆಯಲ್ಲೇ ಮಾಡಿಕೊಡಬಹುದು ಎಂದು ಸ್ಪಷ್ಟಪಡಿಸಿದರು. ವಯಸ್ಸಾದವರಿಗೆ ಅದರಿಂದ ಉಪಕಾರವಾಯಿತು. ಆದರೆ ‘ಮನೆ ಬಾಗಿಲಲ್ಲೇ ಇ–ಕೆವೈಸಿ’ ಎಂಬ ಮಾತನ್ನು ಯಾರು ಬೇಕಾದರೂ ಆಡಬಹುದು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಒಟಿಪಿ ಇಲ್ಲದೆ ಬೆರಳಚ್ಚಿನಿಂದಲೇ ಹಣ ತೆಗೆಯಬಹುದು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲು ಬಳಸಿ ಖಾತೆ ಖಾಲಿ ಮಾಡಿದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲೇ ಕೇಳಿಬಂದಿದ್ದವು. ಈ ಕೆಲಸಕ್ಕೆ ಬಾಗಿಲಲ್ಲಿ ಬೆರಳೊತ್ತುವ ಅವಸರ ಬೇಡ. ಏಜೆನ್ಸಿಗೆ ಹೋದಾಗ ಅಥವಾ ಕಂಪನಿಯ ಆ್ಯಪ್‌ನಲ್ಲಿ ಮಾಡಿಕೊಳ್ಳಬಹುದು. ಉಳಿದ ಸಮಯದಲ್ಲಿ ಬೆರಳಚ್ಚನ್ನು ‘ಲಾಕ್’ ಮಾಡಿಡುವ ಸೌಲಭ್ಯ ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿದೆ, ಬೇಕಾದಾಗ ತೆರೆಯಬಹುದು.

ಬಾಗಿಲೇ ತೆರೆಯದಿದ್ದರೆ?

ಎಲ್ಲರನ್ನೂ ಅನುಮಾನಿಸುವುದೇ ಸುರಕ್ಷಿತ ಎಂಬ ವಾದವಿದೆ. ವಯಸ್ಸಾದ ತಂದೆತಾಯಿಯನ್ನು ಊರಲ್ಲಿ ಬಿಟ್ಟು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳು ಫೋನಿನಲ್ಲಿ ಹೇಳುವುದೂ ಅದನ್ನೇ: ‘ಅಮ್ಮಾ, ಯಾರು ಬಂದರೂ ಬಾಗಿಲು ತೆಗೀಬೇಡ.’ ಅವರ ಆತಂಕ ನ್ಯಾಯವಾದದ್ದೇ. ಆದರೆ ಅದರ ಬೆಲೆ ಬೇರೆಯವರೂ ತೆರುತ್ತಾರೆ.

ಮೀಟರ್ ಓದಲಾಗದ ಮನೆಗೆ ‘ಡೋರ್ ಲಾಕ್’ ಎಂದು ಬರೆದು ಸರಾಸರಿ ಬಿಲ್ ಕೊಡುತ್ತಾರೆ. ಮುಂದಿನ ತಿಂಗಳು ಲೆಕ್ಕ ಏರುಪೇರಾದಾಗ ಜಗಳ ಶುರುವಾಗುತ್ತದೆ. ಪೈಪು ತಪಾಸಣೆಗೆ ಬಂದ ನಿಜವಾದ ಮೆಕ್ಯಾನಿಕ್‌ನನ್ನು ಓಡಿಸಿದರೆ ಬಿರುಕು ಬಿಟ್ಟ ಪೈಪು ಹಾಗೆಯೇ ಉಳಿಯುತ್ತದೆ. ಬಿಸಿಲಿನಲ್ಲಿ ಮನೆಮನೆ ಸುತ್ತುವ ಹೊರಗುತ್ತಿಗೆ ಕೆಲಸಗಾರ ಪ್ರತಿ ಗೇಟಿನಲ್ಲೂ ಕಳ್ಳನಂತೆ ನಿಲ್ಲಬೇಕಾಗುತ್ತದೆ. ಅವನ ಸಂಬಳ ಕಡಿಮೆ, ಕೆಲಸಕ್ಕೆ ಭದ್ರತೆಯಿಲ್ಲ. ಮೇಲಿಂದ ಈ ಅವಮಾನ.

ಬಾಗಿಲು ತೆರೆಯದೆಯೂ ಬಿಲ್ ಸರಿಯಾಗಿ ಬರುವ ದಾರಿಯೊಂದು ನಿಯಮದಲ್ಲಿದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ 2020ರ ಪ್ರಕಾರ, ಸತತ ಎರಡು ಬಿಲ್ಲಿನ ಅವಧಿಯಲ್ಲಿ ಮೀಟರ್ ಓದಲು ಸಾಧ್ಯವಾಗದಿದ್ದಾಗ ಗ್ರಾಹಕರೇ ರೀಡಿಂಗ್ ಮತ್ತು ದಿನಾಂಕ ಕಾಣುವಂತೆ ಮೀಟರಿನ ಫೋಟೊ ತೆಗೆದು ನೋಂದಾಯಿತ ಮೊಬೈಲ್ ಅಥವಾ ಇಮೇಲ್‌ನಿಂದ ಕಳಿಸಬಹುದು. ಆಗ ಕಂಪನಿ ಅಂದಾಜು ಬಿಲ್ ಕಳಿಸುವಂತಿಲ್ಲ. ಒಂಟಿಯಾಗಿರುವ ವೃದ್ಧರಿಗೆ ಇಷ್ಟು ಉಪಯೋಗದ ನಿಯಮ ಬಂದು ವರ್ಷಗಳೇ ಆದರೂ ಅದರ ಪ್ರಚಾರ ಮಾತ್ರ ಸಾಲದು.

ಗುರುತು ತೋರಿಸಬೇಕಾದವರು ಯಾರು?

ಕಂಪನಿಗಳ ನಿಲುವು: ನಾವು ಎಚ್ಚರಿಕೆ ಕೊಟ್ಟಿದ್ದೇವೆ, ಸಿಬ್ಬಂದಿಗೆ ಗುರುತಿನ ಚೀಟಿ ಕೊಟ್ಟಿದ್ದೇವೆ, ಕೇಳಿ ನೋಡಿಕೊಳ್ಳುವುದು ಗ್ರಾಹಕರ ಜವಾಬ್ದಾರಿ. ಗ್ರಾಹಕರ ಪರ ಮಾತಾಡುವವರ ಆಕ್ಷೇಪ: ಲ್ಯಾಮಿನೇಟ್ ಮಾಡಿದ ಚೀಟಿಯನ್ನು ಯಾವ ಜೆರಾಕ್ಸ್ ಅಂಗಡಿಯಲ್ಲೂ ಮಾಡಿಸಬಹುದು, ಅಸಲಿ ಚೀಟಿ ಹೇಗಿರುತ್ತದೆಂದು ನೋಡಿಯೇ ಇರದವರು ಅದನ್ನು ನೋಡಿ ಏನು ತಿಳಿದಾರು? ಎರಡನೆಯ ವಾದದಲ್ಲೇ ಹೆಚ್ಚು ಹುರುಳಿದೆ.

ಈಗಿನ ವ್ಯವಸ್ಥೆಯಲ್ಲಿ ಗುರುತು ಸಾಬೀತು ಮಾಡಬೇಕಾದವರು ಯಾವಾಗಲೂ ಮನೆಯವರು. ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಹೇಳಿ, ಆಧಾರ್ ತೋರಿಸಿ, ಒಟಿಪಿ ಕೊಡಿ, ಬೆರಳೊತ್ತಿ. ಬಂದವನು ತಾನು ಯಾರೆಂದು ಸಾಬೀತು ಮಾಡುವ ಇಂಥದ್ದೇ ಗಟ್ಟಿ ಏರ್ಪಾಡು ಇಲ್ಲ. ಸಿಲಿಂಡರ್ ಕೊಡಲು ಗ್ರಾಹಕರಿಂದ ಕೋಡ್ ಕೇಳಬಲ್ಲ ತಂತ್ರಜ್ಞಾನಕ್ಕೆ, ತಪಾಸಣೆಗೆ ಬರುವವನ ಹೆಸರು, ಫೋಟೊ, ದಿನಾಂಕವನ್ನು ಹಿಂದಿನ ದಿನವೇ ಗ್ರಾಹಕರ ಮೊಬೈಲಿಗೆ ಕಳಿಸುವುದು ಕಷ್ಟವೇನಲ್ಲ. ಬ್ರಿಟನ್‌ನಲ್ಲಿ ವಿದ್ಯುತ್ ಮತ್ತು ಅನಿಲ ಕಂಪನಿಗಳು ವೃದ್ಧರು, ಅಶಕ್ತರಿಗಾಗಿ ಪ್ರತ್ಯೇಕ ನೋಂದಣಿ ಇಟ್ಟಿವೆ. ಅದರಲ್ಲಿ ಸೇರಿದವರು ಒಂದು ಗುಟ್ಟಿನ ಪದವನ್ನು ಕಂಪನಿಗೆ ಕೊಟ್ಟಿಡಬಹುದು. ಬಂದ ಸಿಬ್ಬಂದಿ ಬಾಗಿಲಲ್ಲಿ ಆ ಪದ ಹೇಳಬೇಕು, ಹೇಳದವನಿಗೆ ಬಾಗಿಲಿಲ್ಲ. ಮೊಬೈಲ್ ಬಳಸಲು ಬಾರದ ಅಜ್ಜಿಗೂ ಇದು ನಡೆಯುತ್ತದೆ. ನಮ್ಮ ಎಸ್ಕಾಂಗಳಿಗೆ (ವಿದ್ಯುತ್ ಹಂಚುವ ಕಂಪನಿಗಳಿಗೆ) ಇಂಥದ್ದನ್ನು ಸೂಚಿಸುವ ಅಧಿಕಾರ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಕೈಯಲ್ಲಿದೆ.

ಅಲ್ಲಿಯವರೆಗೆ ಬಾಗಿಲಲ್ಲಿ

ಮೀಟರ್ ಹೊರಗಿದ್ದರೆ ಓದಲು ಬಂದವರು ಮನೆಯೊಳಗೆ ಬರಬೇಕಿಲ್ಲ. ಗ್ರಿಲ್ ಹಾಕಿಕೊಂಡೇ ಮಾತಾಡಬಹುದು. ಕಾರ್ಡಿನಲ್ಲಿರುವ ಹೆಸರು ಓದಿ, ವಿದ್ಯುತ್ತಿನವರಾದರೆ 1912ಕ್ಕೆ ಅಥವಾ ಬಿಲ್ಲಿನ ಮೇಲಿರುವ ಉಪವಿಭಾಗದ ಕಚೇರಿಗೆ, ಗ್ಯಾಸಿನವರಾದರೆ ನಿಮ್ಮ ಪಾಸ್‌ಬುಕ್ಕಿನಲ್ಲಿರುವ ಏಜೆನ್ಸಿ ಸಂಖ್ಯೆಗೆ ನೀವೇ ಕರೆ ಮಾಡಬೇಕು. ಬಂದವನು ಕೊಟ್ಟ ಸಂಖ್ಯೆಗೆ ಮಾಡಿದರೆ ಆ ಕಡೆ ಅವನ ಜೊತೆಗಾರನೇ ಮಾತಾಡಬಹುದು. ಗ್ಯಾಸ್ ಸೋರಿಕೆಯ ನಿಜವಾದ ಅನುಮಾನವಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು 1906ಕ್ಕೆ ತಿಳಿಸಬೇಕು. ವಾದಕ್ಕಿಳಿದವನು ಹೋಗದಿದ್ದರೆ ಪೊಲೀಸರ ತುರ್ತು ಸಂಖ್ಯೆ 112.

ಮೋಸ ನಡೆದುಹೋಗಿದ್ದರೆ ನಾಚಿಕೊಂಡು ಕೂರುವ ಕಾರಣವಿಲ್ಲ. ಸರ್ಕಾರಿ ನೌಕರನೆಂದು ನಟಿಸುವುದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ ಪ್ರಕಾರ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲಿಗೆ ಕಳಿಸಬಲ್ಲ ಅಪರಾಧ. ಬೇರೊಬ್ಬನ ಸೋಗಿನಲ್ಲಿ ವಂಚಿಸಿದ್ದಕ್ಕೆ 319ನೇ ಕಲಂ ಅಡಿ 5 ವರ್ಷದವರೆಗೂ ಶಿಕ್ಷೆಯಿದೆ. ಬೀದಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ, ಬಂದ ಗಾಡಿಯ ನಂಬರು ನೆನಪಿರುವಾಗಲೇ ದೂರು ಕೊಟ್ಟರೆ ತನಿಖೆಗೆ ಹಿಡಿತ ಸಿಗುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಬೇಕು. ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮದ ಪ್ರಕಾರ, ಗ್ರಾಹಕರೇ ಒಟಿಪಿ ಹೇಳಿ ತಪ್ಪು ಮಾಡಿದ್ದರೂ, ಬ್ಯಾಂಕಿಗೆ ತಿಳಿಸಿದ ಹೊತ್ತಿನಿಂದ ಮುಂದೆ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು. ಆದ್ದರಿಂದ ಕರೆ ಮಾಡಿದ ಸಮಯವನ್ನೂ ದೂರಿನ ಸಂಖ್ಯೆಯನ್ನೂ ಆಗಲೇ ಬರೆದಿಟ್ಟುಕೊಳ್ಳಬೇಕು.